ಜುಣಕದ ಎಸೆತ

ಬ್ಯಾಟ್ ಹಿಡಿದವಳ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಎದುರಿನಿಂದ ಬರುವ ಚೆಂಡನ್ನು ಹಿಡಿಯುವುದು ನನ್ನ ಕೆಲಸ. ಸಾಫ್ಟ್‌ಬಾಲ್‌ನಲ್ಲಿ ಅದಕ್ಕೆ ಕ್ಯಾಚರ್ ಎನ್ನುತ್ತಾರೆ. ಬೇಸ್‌ಬಾಲ್‌ನ ತಂಗಿಯಂಥ ಈ ಆಟವನ್ನು ನಾನು ಮೈಸೂರಿನ ಕಾಲೇಜಿನಲ್ಲಿ ಕಲಿತಿದ್ದೆ. ಆ ಜಾಗದಲ್ಲಿ ಕೂತವರಿಗೆ ಇಡೀ ಮೈದಾನ ಕಾಣುತ್ತದೆ. ಯಾರು ಕದ್ದು ಓಡಲು ಹೊಂಚು ಹಾಕಿದ್ದಾರೆ ಎಂದು ನೋಡುತ್ತಲೇ ಇರಬೇಕು. ನನ್ನ ಅನುಮಾನದ ಬುದ್ಧಿ ಅಲ್ಲಿಂದಲೇ ಬಂತು ಎಂದು ನಾನು ಹೇಳುತ್ತೇನೆ. ಗಂಡನನ್ನು ಕೇಳಿದರೆ ಹುಟ್ಟುಗುಣ ಎನ್ನುತ್ತಾನೆ.

ಕೊರೋನಾ ಬಂದು, ನಾನು ಕೆಲಸಕ್ಕಿದ್ದ ಮಲೇಷ್ಯಾದ ಪಿನಾಂಗಿನಲ್ಲಿ, ಬಯಾನ್ ಲೆಪಾಸ್‌ನ ಕಾರ್ಖಾನೆಗಳ ನಡುವಿನ ಪಂದ್ಯಗಳು ನಿಂತೇ ಹೋಗಿದ್ದವು. ನಿರ್ಬಂಧ ಸಡಿಲವಾಗಿ ಹೊಸ ಸೀಸನ್ ಹತ್ತಿರ ಬಂದಾಗ, ನಮ್ಮ ತಂಡದ ಮ್ಯಾನೇಜರ್ ನನ್ನನ್ನು ಕರೆದು, ಯಾರ ಕೈಲಿ ಆಡಲು ಆಗುತ್ತದೆ, ಯಾರ ಕೈಲಿ ಆಗದು, ನೋಡಿ ಹೇಳು ಎಂದರು. ಅವರು ಪಿನಾಂಗಿನ ಚೀನೀಯರು. ಕಾರ್ಖಾನೆಯಲ್ಲಿ ಚಿಪ್ ಪರೀಕ್ಷಿಸುವ ವಿಭಾಗಕ್ಕೂ ಅವರೇ ಮುಖ್ಯಸ್ಥರು.

ನೋಡಿದೆ. ಯಾರ ಮಾತನ್ನೂ ನಂಬುವ ಹಾಗಿರಲಿಲ್ಲ. ದಿನಾ ಬೆಳಿಗ್ಗೆ ಓಡುತ್ತೇನೆ ಎಂದವಳ ಬೂಟಿನ ತಳ ಹೊಚ್ಚ ಹೊಸದಾಗಿತ್ತು. ಶಾಲೆಯಿಂದಲೂ ಆಡಿದ್ದೇನೆ ಎಂದು ಬಡಾಯಿ ಕೊಚ್ಚಿದ ಬೆಂಗಳೂರಿನ ಹೊಸಬಳು ಚೆಂಡನ್ನು ಹೊಡೆದು, ಬ್ಯಾಟನ್ನು ಅಲ್ಲೇ ಬಿಸಾಡಿ ಓಡುವ ಬದಲು, ಕಂಕುಳಲ್ಲಿ ಅವಚಿಕೊಂಡೇ ಓಡಿದಳು. ಅವಳು ಆಡಿದ್ದು ಕ್ರಿಕೆಟ್ ಎಂದು ಆಗಲೇ ಗೊತ್ತಾಯಿತು.

ಇವರೆಲ್ಲ ಹೇಗಿದ್ದರೂ ನಡೆಯುತ್ತಿತ್ತು. ನಮ್ಮ ತಂಡ ನಿಂತದ್ದು ಚೆಂಡೆಸೆಯುವ ಪಿಚರ್ ಮೇಲೆ. ಅವಳು ಹುಬ್ಬಳ್ಳಿಯವಳು, ನನಗಿಂತ ಚಿಕ್ಕವಳು, ಮ್ಯಾನೇಜರ್ ಕೈಕೆಳಗೇ ಕೆಲಸ ಮಾಡುವವಳು. ಬೇರೆ ತಂಡಗಳಲ್ಲಿ ಕ್ಯಾಚರ್ ಬೆರಳಿನಲ್ಲಿ ಸನ್ನೆ ಮಾಡಿದರೆ, ನಾನು ಕನ್ನಡದಲ್ಲಿ ಕೂಗಿಯೇ ಹೇಳುತ್ತಿದ್ದೆ. ಮೇಲೆ, ಕೆಳಗೆ ಎಂದರೆ ಎದುರಾಳಿ ತಂಡಗಳ ತಮಿಳು ಹುಡುಗಿಯರಿಗೆ ತಿಳಿದುಬಿಡುತ್ತದೆಂದು ಅವಳ ಊರಿನ ಊಟವನ್ನೇ ಸಂಕೇತ ಮಾಡಿಕೊಂಡಿದ್ದೆವು. ರೊಟ್ಟಿ ಎಂದರೆ ವೇಗದ ಎಸೆತ, ಶೇಂಗಾಹಿಂಡಿ ಎಂದರೆ ನಿಧಾನದ್ದು, ಎಣ್ಣೆಗಾಯಿ ಎಂದರೆ ಬ್ಯಾಟಿನ ಹತ್ತಿರ ಬಂದು ತಟ್ಟನೆ ಇಳಿಯುವುದು. ಕೇಳಿದೊಡನೆ ತಲೆಯಾಡಿಸಿ ಅದನ್ನೇ ಎಸೆಯುತ್ತಿದ್ದಳು.

ಈ ಸಲ ರೊಟ್ಟಿ ಎಂದರೆ ನಿಧಾನದ್ದು ಬಂತು. ಎಣ್ಣೆಗಾಯಿ ಎಂದರೆ ನೇರವಾಗಿ ಬಂದು ನನ್ನ ಜಾಲರಿ ಮುಖವಾಡಕ್ಕೆ ಬಡಿಯಿತು. ಕೈಯಲ್ಲಿ ಕಸುವು ಹಾಗೇ ಇತ್ತು, ಹಾಗಾದರೆ ಬೇಕೆಂದೇ ಮಾಡುತ್ತಿದ್ದಾಳೆ ಎಂದುಕೊಂಡೆ. ಹಿಂದಿನ ವಾರವಷ್ಟೇ ಪಕ್ಕದ ಕಾರ್ಖಾನೆಯ ತಂಡದವರ ಜೊತೆ ತಮಿಳು ಮುಸಲ್ಮಾನರು ನಡೆಸುವ ಮಾಮಾಕ್ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದುದನ್ನು ನಾನೇ ಕಂಡಿದ್ದೆ. ನಮ್ಮಲ್ಲಿ ಕೆಟ್ಟದಾಗಿ ಎಸೆದು ಹೊರಬಿದ್ದು, ಅವರ ತಂಡಕ್ಕೆ ಹಾರುವ ಹುನ್ನಾರ ಎಂದು ನನ್ನ ಮೈ ಉರಿಯಿತು.

ಒಂದು ಕೈ ನೋಡಿಯೇಬಿಡೋಣ ಎಂದು ಕೂಗಿದೆ: "ಜುಣಕ!"

ಕಡಲೆಹಿಟ್ಟಿನ ಜುಣಕವೂ ಅವಳ ಊರಿನ ಊಟವೇ, ಆದರೆ ಅಂಥ ಸಂಕೇತ ನಮ್ಮಲ್ಲಿ ಇರಲೇ ಇಲ್ಲ. ಅವಳು ತಲೆಯಾಡಿಸಿದಳು. ಎಸೆದಳು.

ನಾನು ಎದ್ದು ಹತ್ತಿರ ಹೋದೆ. "ಜುಣಕ ಅಂದ್ರೆ ಯಾವುದೇ?" ಎಂದೆ. ಸಿಕ್ಕಿಬಿದ್ದೆನೆಂದು ಅವಳಿಗೆ ತಿಳಿದುಹೋಯಿತು.

"ನನಗ ಕೊರೋನಾ ಬಂದು ಹೋದಾಗಿಂದ ಹಿಂಗ ಆಗೇತಿ ಅಕ್ಕಾ," ಎಂದಳು. "ನೀ ಕೂಗಿದ್ದು ಕೇಳಸ್ತೇತಿ. ಯಾವುದಕ್ಕ ಯಾವುದು ಅಂತ ನೆನಪಾಗೂದಿಲ್ಲ. ಕೆಲಸದಾಗೂ ಹಂಗ. ನಮ್ಮ ಸಾಹೇಬರ ಮುಂದ ಹೇಳಬ್ಯಾಡ. ಪಾಸ್ ರಿನ್ಯೂ ಮಾಡಸೂದೈತಿ."

"ಮತ್ತೆ ಅವರ ಜೊತೆ ಚಹಾ?"

"ಇಲ್ಲಿ ತಗದ ಹಾಕಿದ್ರ ಅಲ್ಲೇನರ ಕೆಲಸ ಸಿಗ್ತೇತೇನು ಅಂತ ಕೇಳಾಕ ಹೋಗಿದ್ದೆ."

ನನ್ನ ಸಿಟ್ಟು ಜರ್ರನೆ ಇಳಿಯಿತು. ಕೆಲಸದ ಪಾಸ್ ಇಲ್ಲದೆ ಆ ದೇಶದಲ್ಲಿ ನಮ್ಮಂಥವರಿಗೆ ನಿಲ್ಲಲು ಜಾಗವಿಲ್ಲ.

ಸೋಮವಾರ ಕ್ಯಾಂಟೀನಿನಲ್ಲಿ, ನಡುವೆ ಇಳಿಬಿಟ್ಟ ಪ್ಲಾಸ್ಟಿಕ್ ಹಾಳೆಯ ಆಚೆಯಿಂದ ಮ್ಯಾನೇಜರ್ ಕೇಳಿದರು: "ಪಿಚರ್ ಹೌ? ಕ್ಯಾನ್ ಆರ್ ನಾಟ್?" ಬೇರೆ ಯಾರ ಬಗ್ಗೆಯೂ ಕೇಳಲಿಲ್ಲ.

"ಕ್ಯಾನ್," ಎಂದೆ.

"ಶೂರ್ ಆ? ಇನ್ ಲ್ಯಾಬ್ ಮೆನಿ ಮಿಸ್ಟೇಕ್. ಯು ವಾಚ್ ಹರ್ ಲಾ. ಎನಿಥಿಂಗ್, ಟೆಲ್ ಮಿ."

ತಂಡವನ್ನು ಅಳೆದು ನೋಡು ಎಂದದ್ದೇ ಇದಕ್ಕಿರಬಹುದೇ ಎಂದು ಅನುಮಾನ ಬಂತು. ಆದರೂ ಆಗಲಿ ಎಂದು ತಲೆಯಾಡಿಸಿದೆ. ನಾನು ಒಲ್ಲೆ ಎಂದರೆ ಬೇರೆ ಯಾರನ್ನಾದರೂ ಅವಳ ಹಿಂದೆ ಬಿಡುತ್ತಿದ್ದರು.

ಮುಂದಿನ ಅಭ್ಯಾಸದ ದಿನ, ಅವಳ ಮೇಲೆ ಕಣ್ಣಿಡು ಎಂದು ಮ್ಯಾನೇಜರ್ ಹೇಳಿದ್ದು, ನಾನು ಒಪ್ಪಿದ್ದು, ಎಲ್ಲವನ್ನೂ ಅವಳಿಗೆ ಹೇಳಿದೆ. ಮಾಸ್ಕಿನ ಮೇಲಿನಿಂದ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡಳು.

"ನೀ ಏನಂದಿ?"

"ಏನೂ ಆಗಿಲ್ಲ, ಚೆನ್ನಾಗಿ ಆಡ್ತಾಳೆ ಅಂದೆ ಕಣೇ."

"ಖರೇ?"

"ನಿನ್ನಾಣೆ."

ಆಯಿತು ಎಂಬಂತೆ ಚೆಂಡು ತೆಗೆದುಕೊಂಡು ತನ್ನ ಜಾಗಕ್ಕೆ ನಡೆದಳು. ಮರುದಿನ ಕಾರ್ಖಾನೆಯಲ್ಲಿ, ಊಟಕ್ಕೆ ಕರೆಯೋಣವೆಂದು ಅವಳ ಮೇಜಿನ ಹತ್ತಿರ ಹೋದೆ. ನನ್ನನ್ನು ಕಂಡವಳೇ ಕಂಪ್ಯೂಟರಿನ ಪರದೆಯನ್ನು ಆರಿಸಿಬಿಟ್ಟಳು.