ಅತ್ತಿಗೆಯ ಕಂಪನಿ ನಾಣ್ಯ

ಶಿರಂಗಾಲದ ನಂಜಪ್ಪನವರು ಕುಶಾಲನಗರದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಚಿಲ್ಲರೆ ಎಣಿಸುತ್ತಾ ಎಣಿಸುತ್ತಾ ಹಳೇ ನಾಣ್ಯದ ಹುಚ್ಚು ಹತ್ತಿತು. ಈಗ ನಿವೃತ್ತರು. ಭಾನುವಾರ ಜಗಲಿಯಲ್ಲಿ ಕೂತರೆ ಸಾಕು, ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು ಗಂಟು ಕಟ್ಟಿಕೊಂಡು ಯಾರಾದರೂ ಬಂದೇ ಬರುತ್ತಾರೆ.

"ತೊಳೆದ್ರಾ?" ಇದು ಅವರ ಮೊದಲ ಪ್ರಶ್ನೆ. ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಸಿ ತಂದವರಿಗೆ, "ಮುಖ ತೊಳೆಯೋಕೆ ಹೋಗಿ ಮೂಗೇ ಕಿತ್ಕೊಂಡು ಬಂದಿದೀರಲ್ಲ!" ಎಂದು ಗದರುತ್ತಾರೆ. ಆ ಮಾಸಲು ಬಣ್ಣವೇ ನಾಣ್ಯದ ವಯಸ್ಸಿಗೆ ಸಾಕ್ಷಿ. ಅಂಚು ಹಿಡಿದು ನೋಡಬೇಕು, ಮುಖಕ್ಕೆ ಬೆರಳು ತಾಗಿಸಬಾರದು. ನಮ್ಮ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತಾಮ್ರಕ್ಕೆ ಹಸಿರು ಹತ್ತುತ್ತದೆ. ಒಂದೊಂದನ್ನೂ ಬೇರೆ ಬೇರೆ ಒಣ ಕಾಗದದ ಲಕೋಟೆಯಲ್ಲಿಡಬೇಕು. ಅಕ್ಷರ ಎಷ್ಟು ಉಳಿದಿದೆ, ಗೆರೆ ಎಷ್ಟು ಸವೆದಿದೆ ಎಂದು ನೋಡಿ ದರ್ಜೆ ಹೇಳುತ್ತಾರೆ. ತಂದವರ ಮುಖ ನೋಡಿ ದರ್ಜೆ ಏರಿಸಿದವರಲ್ಲ.

ಅಂಥವರಿಗೂ ಒಂದು ಸಂಕಟ ಬಂತು. ಊರಿನ ಈಶ್ವರನ ಗುಡಿ ಹೊಸದಾಗಿ ಎದ್ದಿತ್ತು. ಲಿಂಗ ಪ್ರತಿಷ್ಠೆಗೆ ಮುಂಚೆ ಪೀಠದ ಕುಳಿಯೊಳಗೆ ಊರವರು ನಾಣ್ಯವನ್ನೋ ಬೆಳ್ಳಿ ಚೂರನ್ನೋ ಹಾಕುವುದು ಪದ್ಧತಿ. ನಂಜಪ್ಪನವರ ತೀರಿಕೊಂಡ ಅಣ್ಣನ ಹೆಂಡತಿ ವಿಶಾಲಾಕ್ಷಮ್ಮ ತಮ್ಮ ದೇವರಕೋಣೆಯ ಕಂಪನಿ ನಾಣ್ಯ ಕೊಡುವುದಾಗಿ ಹೇಳಿದರು. ಅದರ ಒಂದು ಬದಿ ಶಿವಪಾರ್ವತಿ, ಇನ್ನೊಂದು ಬದಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ೧೮೧೮ನೇ ಇಸವಿ. ಅಣ್ಣ ಯಾವುದೋ ಸಂತೆಯಲ್ಲಿ ಕೊಂಡು ಹೆಂಡತಿಗೆ ತಂದುಕೊಟ್ಟದ್ದು.

ಗುಡಿ ಸಮಿತಿಯ ಶಿವಪ್ರಕಾಶ್ ಹಿಗ್ಗಿಹೋದ. "ಇನ್ನೂರು ವರ್ಷದ್ದು! ಮೈಕಲ್ಲಿ ನೀವೇ ಹೇಳ್ಬೇಕು ಮಾವ. ನಿಮ್ಮ ಬಾಯಲ್ಲಿ ಬಂದ್ರೆ ಊರು ನಂಬ್ತದೆ."

ನಂಜಪ್ಪನವರಿಗೆ ಅದರ ಮೇಲೆ ಮೊದಲಿಂದಲೂ ಅನುಮಾನ. ಕಂಪನಿ ಸರ್ಕಾರ ಶಿವಪಾರ್ವತಿಯ ನಾಣ್ಯ ಹೊಡೆಸಿದ್ದೇ ಇಲ್ಲ. ಆದರೂ ಒಮ್ಮೆಯೂ ಕೈಗೆ ಕೊಡಿ ಎಂದು ಕೇಳಿರಲಿಲ್ಲ. ನೋಡಿದರೆ ಹೇಳಬೇಕಾಗುತ್ತದಲ್ಲ! ಈಗ ಸುಮ್ಮನಿದ್ದರೆ ಲಿಂಗದ ಅಡಿಗೇ ಸುಳ್ಳು ಹೋಗುತ್ತದೆ. ಹೇಳಿದರೆ, ಅಣ್ಣ ಬಿಟ್ಟುಹೋದ ನೆನಪೊಂದನ್ನು ಅತ್ತಿಗೆಯ ಕೈಯಿಂದ ಕಿತ್ತುಕೊಂಡಂತೆ.

ಮರುದಿನ ಬೆಳಗ್ಗೆ ಅತ್ತಿಗೆಯ ಮನೆಗೆ ಹೋಗಿ, ನಾಣ್ಯವನ್ನು ಭೂತಗನ್ನಡಿ ಹಿಡಿದು ನೋಡಿದರು. ಅಕ್ಷರಗಳು ಕರಗಿದ ಸಾಬೂನಿನಂತಿದ್ದವು. ಅಂಚಿನ ಸುತ್ತ ಎರಕದ ಎರಡು ಅಚ್ಚು ಕೂಡಿದ ಗೆರೆ.

"ಅತ್ಗೆ, ಇದು ಅಚ್ಚೊತ್ತಿದ್ದಲ್ಲ, ಎರಕ ಹೊಯ್ದಿದ್ದು. ಕಂಪನಿಯೋರು ಅಚ್ಚೊತ್ತಿಸ್ತಿದ್ರು. ಇದು ಆ ಕಾಲದ್ದಲ್ಲ."

ವಿಶಾಲಾಕ್ಷಮ್ಮ ತಲೆಯೆತ್ತಿ ನೋಡಿದರು. "ನಿಮ್ಮಣ್ಣ ನಂಗೆ ಸುಳ್ಳು ಹೇಳಿದ್ರಾ?"

"ಇಲ್ಲ ಅತ್ಗೆ. ಅಣ್ಣಂಗೂ ಗೊತ್ತಿರ್ಲಿಲ್ಲ. ಅವನಿಗೇ ಟೋಪಿ ಹಾಕಿದಾರೆ."

ವಿಶಾಲಾಕ್ಷಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಅವರ ಭುಜ ಅಲುಗಿತು. ಅಳುತ್ತಿದ್ದಾರೆಂದು ನಂಜಪ್ಪನವರು ಗಾಬರಿಯಾದರು. ನೋಡಿದರೆ ನಗು!

"ಹಸು ಕೊಳ್ಳೋಕೆ ಹೋದ್ರೇ ಹಲ್ಲು ನೋಡ್ತಿರ್ಲಿಲ್ಲ ಆ ಮಹಾರಾಯ್ರು. ನಾಣ್ಯ ನೋಡ್ತಾರಾ?" ಕಣ್ಣೊರೆಸಿಕೊಂಡು ಕೇಳಿದರು: "ಹಂಗಾದ್ರೆ ಪೀಠಕ್ಕೆ ಹಾಕಬಾರ್ದಾ?"

"ಹಾಕ್ಬೋದು. ಇಸವಿ ಮಾತ್ರ ಹೇಳೋದು ಬೇಡ."

"ಕಂಪನಿಯೋರು ಯಾರಿಗೆ ಬೇಕಿತ್ತು? ನಾನು ಕೈ ಮುಗ್ದಿದ್ದು ಶಿವಂಗೆ."

ಪ್ರತಿಷ್ಠೆಯ ದಿನ ಮೈಕು ಹಿಡಿದ ನಂಜಪ್ಪನವರು ಒಂದೇ ಮಾತು ಹೇಳಿದರು: "ಇದು ವಿಶಾಲಾಕ್ಷಮ್ಮ ದಿನಾ ಪೂಜೆ ಮಾಡಿದ ನಾಣ್ಯ." ಶಿವಪ್ರಕಾಶನ ಮುಖ ಸಪ್ಪಗಾಯಿತು. ಅತ್ತಿಗೆ ಬಿಲ್ವಪತ್ರೆಯ ಜೊತೆಗೆ ಅದನ್ನು ಕುಳಿಗೆ ಬಿಟ್ಟು, ಕಣ್ಣು ಮುಚ್ಚಿ ನಿಂತರು.

ಮುಂದಿನ ಭಾನುವಾರ ಜಗಲಿಗೆ ಮೊದಲು ಬಂದವರು ಅವರೇ. "ನಿಜವಾದ ಕಂಪನಿ ಕಾಸು ಹೆಂಗಿರ್ತದೆ, ತೋರ್ಸು ನೋಡೋಣ."

ನಂಜಪ್ಪನವರು ಲಕೋಟೆಯಿಂದ ಕಾಲಾಣೆಯೊಂದನ್ನು ತೆಗೆದುಕೊಟ್ಟರು. ಅತ್ತಿಗೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಂಚಿನಲ್ಲೇ ಹಿಡಿದು, ಬಿಸಿಲಿಗೆ ಹಿಂದೆ ಮುಂದೆ ತಿರುಗಿಸಿದರು.

"ಇಷ್ಟು ಮಂಕಾ? ನಂದೇ ಚೆನ್ನಾಗಿತ್ತು ಬಿಡು," ಎಂದರು. ಎಂದವರು, ಇನ್ನೊಂದು ಲಕೋಟೆಗೆ ಕೈ ಚಾಚಿದರು.