ಪಕ್ಕದ ಸೀಟಿನವರ ಮೊಬೈಲಿನಲ್ಲಿ

"ಇದು ಯಾವ ಭಾಷೇರಿ?" ಎಂದು ಹರಿಹರದ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ಹೆಂಗಸು ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು. ಗುತ್ತೂರಿನಲ್ಲಿ ನನ್ನ ತಂಗಿ ಶುರು ಮಾಡಿದ್ದ ಹೊಲಿಗೆ ತರಗತಿಯ ವೆಬ್‌ಸೈಟ್ ನೋಡಿ ಎಂದು ನಾನೇ ಅವರಿಗೆ ಹೇಳಿದ್ದೆ. ಪರದೆಯ ತುಂಬ ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. ಕನ್ನಡದ ಸುಳಿವೇ ಇರಲಿಲ್ಲ.

ದಾವಣಗೆರೆಯಲ್ಲಿ ನನ್ನದು ಮದುವೆ ಕಾರ್ಡ್ ಟೈಪ್ ಮಾಡಿಕೊಡುವ ಅಂಗಡಿ. ಕಾರ್ಡಿನ ಬಳುಕುವ ಫಾಂಟಿನಲ್ಲೇ ವೆಬ್‌ಸೈಟನ್ನೂ ಮಾಡಿದ್ದೆ. ಆ ಫಾಂಟ್ ಇರುವುದು ನನ್ನ ಕಂಪ್ಯೂಟರಿನಲ್ಲಿ, ಹಾಗಾಗಿ ಕನ್ನಡ ಕಾಣುವುದೂ ಅಲ್ಲಿ ಮಾತ್ರ. ಇತ್ತ ತಂಗಿ, ಒಂದೂ ಫೋನ್ ಬರಲಿಲ್ಲವೆಂದು ಹೊಲಿಗೆ ಯಂತ್ರಗಳನ್ನು ಮಾರುವ ಮಾತಾಡುತ್ತಿದ್ದಳು.

ಬಸ್ಸಿನಲ್ಲೇ ನನ್ನ ಮೊಬೈಲಿನಿಂದ ಅದನ್ನೆಲ್ಲ ಅಳಿಸಿ, ಎಲ್ಲರ ಮೊಬೈಲಿನಲ್ಲೂ ಇರುವ ಸಾದಾ ಯೂನಿಕೋಡ್ ಅಕ್ಷರದಲ್ಲಿ ಮತ್ತೆ ಟೈಪ್ ಮಾಡಿದೆ. ಅವರು ಪುಟವನ್ನು ಮತ್ತೆ ತೆರೆದು, ಬೆರಳಿಟ್ಟು ಜೋರಾಗಿ ಓದಿದರು. ಹಿಂದಿನ ಸೀಟಿನವರ ಮೊಬೈಲಿನಲ್ಲೂ ತೆರೆಸಿದರು. ಅಲ್ಲೂ ಕನ್ನಡವೇ ಬಂತು.

"ಎಲ್ಲಾ ಐತ್ರಿ. ಕೂಸಿನ್ನ ಕರ್ಕೊಂಡು ಬರಬೌದಾ ಅಂತ ಮಾತ್ರ ಬರ್ದಿಲ್ಲ" ಎಂದರು.

ತಂಗಿಗೆ ಫೋನ್ ಮಾಡಿ ಕೇಳಿದೆ. "ಯಾಕ ಬ್ಯಾಡ, ಬರ್ಲಿ" ಎಂದಳು. ಆ ಸಾಲನ್ನೂ ಸೇರಿಸಿದೆ.

ಈಗ ಏನೇ ಮಾಡಿದರೂ ಮೊದಲು ಬೇರೆಯವರ ಮೊಬೈಲಿನಲ್ಲಿ ತೆರೆಸಿ ನೋಡುತ್ತೇನೆ. ತಂಗಿ ಯಂತ್ರಗಳನ್ನು ಮಾರಲಿಲ್ಲ. ಅವುಗಳ ಸದ್ದಿನ ನಡುವೆಯೇ, ಸೀರೆಯಲ್ಲಿ ಕಟ್ಟಿದ ಜೋಲಿಯಲ್ಲಿ ಆ ಹೆಂಗಸಿನ ಕೂಸು ನಿದ್ದೆ ಮಾಡುತ್ತಿರುತ್ತದೆ.