ಬಚ್ಚಲುಮನೆಯ ಗೂಡಿನಲ್ಲಿಟ್ಟ ಇನ್ಸುಲಿನ್

ತೊಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ಜಯನಗರದ ನಮ್ಮ ಮನೆಯ ಬೆಳಗು ಒಂದು ಬಣ್ಣದಿಂದ ಶುರುವಾಗುತ್ತಿತ್ತು. ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರ ನಮ್ಮಂಥವರ ಮನೆಗಳಿಗೆ ಇನ್ನೂ ಬಂದಿರಲಿಲ್ಲ. ಗಾಜಿನ ಕೊಳವೆಗೆ ನೀಲಿ ದ್ರಾವಣ ಹಾಕಿ, ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಕೆಂಪಾದರೆ ತುಂಬ ಜಾಸ್ತಿ. ಅಮ್ಮ ಇದನ್ನು ಬಚ್ಚಲುಮನೆಯಲ್ಲಿ ಮಾಡುತ್ತಿದ್ದಳು. ಹಂಡೆಯ ಒಲೆಯಲ್ಲಿ ಉರಿಯುವ ತೆಂಗಿನ ಸಿಪ್ಪೆಯ ಹೊಗೆ, ಸ್ಪಿರಿಟ್, ಕುದಿಯುವ ಮೂತ್ರ, ಈ ಮೂರರ ವಾಸನೆ ಸೇರಿ ಆಗುವ ವಾಸನೆಯೇ ನನಗೆ ಇವತ್ತಿಗೂ ಬೆಳಗಿನ ವಾಸನೆ.

ನನಗಾಗ ಹತ್ತು ವರ್ಷ. ಕಾಯಿಲೆ ಗೊತ್ತಾಗಿ ಒಂದು ವರ್ಷವಾಗಿತ್ತು. ದಿನಕ್ಕೆರಡು ಸಲ ತೊಡೆಗೆ ಇಂಜೆಕ್ಷನ್. ಹಾಲಿನ ಬಣ್ಣದ ಇನ್ಸುಲಿನ್ನಿನ ಪುಟ್ಟ ಬಾಟಲಿ ಊಟದ ಕೋಣೆಯ ಫ್ರಿಜ್ಜಿನಲ್ಲಿರುತ್ತಿತ್ತು. 'ಫ್ರಿಜ್ಜಲ್ಲೇ ಇಡಿ, ಬಿಸಿಗೆ ಕೆಟ್ಟುಹೋಗುತ್ತೆ' ಎಂದು ಡಾಕ್ಟರು ಹೇಳಿದ್ದನ್ನು ಅಮ್ಮನ ಪಕ್ಕದಲ್ಲಿ ಕೂತು ನಾನೂ ಕೇಳಿಸಿಕೊಂಡಿದ್ದೆ.

ಬೇಸಿಗೆ ರಜ ಶುರುವಾದ ವಾರ ಅಪ್ಪ ಹೊಸ ಬಾಟಲಿ ತಂದರು. ಅದರ ಡಬ್ಬಿಯ ಮೇಲಿದ್ದುದನ್ನು ಸುಮ್ಮನೆ ಗಟ್ಟಿಯಾಗಿ ಓದಿದರು. ಅದು ದನದಿಂದ ತೆಗೆದ ಔಷಧಿ ಎಂದು ಅದರಲ್ಲಿ ಬರೆದಿತ್ತು. ಜಪಸರ ಹಿಡಿದು ಕೂತಿದ್ದ ಅಜ್ಜಿಯ ಕೈ ನಿಂತಿತು.

"ದೇವರ ನೈವೇದ್ಯದ ಹಾಲು, ಮೊಸರು ಇಡೋ ಜಾಗದಲ್ಲಿ ಇದನ್ನ ಇಟ್ಟಿದೀರಾ? ಒಂದು ವರ್ಷದಿಂದ?"

"ಅದು ಔಷಧಿ ಅಮ್ಮ," ಎಂದರು ಅಪ್ಪ.

"ನಾನು ಬೇಡ ಅಂದ್ನಾ? ಪ್ರಾಣ ಉಳಿಸೋಕೆ ಮೈಗೆ ಹೋದ್ರೆ ದೋಷ ಇಲ್ಲ. ಕೊಡಿ, ದಿನಾ ಕೊಡಿ. ಫ್ರಿಜ್ಜಲ್ಲಿ ಮಾತ್ರ ಬೇಡ."

ಅಜ್ಜಿ ಕೆಟ್ಟವಳಲ್ಲ ಎಂದು ಇಲ್ಲಿ ಬರೆಯಬೇಕು ಅನ್ನಿಸುತ್ತದೆ. ಎಲ್ಲರೂ ಹಾಗೇ ಬರೆಯುತ್ತಾರೆ. ನಾನು ಬರೆಯುವುದಿಲ್ಲ. ಅಂದು ಆದದ್ದನ್ನಷ್ಟೇ ಬರೆಯುತ್ತೇನೆ. ಅಪ್ಪ ಪೇಪರು ಬಿಡಿಸಿಕೊಂಡರು. ಅಮ್ಮ ಫ್ರಿಜ್ಜಿನಿಂದ ಬಾಟಲಿ ತೆಗೆದು, ಒಂದು ಕುಡಿಕೆಯಲ್ಲಿ ಒದ್ದೆ ಮರಳು ತುಂಬಿ, ಅದರಲ್ಲಿ ಬಾಟಲಿ ಹೂತು, ಬಚ್ಚಲುಮನೆಯ ಗೂಡಿನಲ್ಲಿಟ್ಟಳು. ಮಡಿ ಮೈಲಿಗೆ ಲೆಕ್ಕಕ್ಕೆ ಬಾರದ ಜಾಗ ನಮ್ಮ ಮನೆಯಲ್ಲಿ ಅದೊಂದೇ. ಗೂಡಿನ ಕೆಳಗೆ ಹಂಡೆಯ ಒಲೆ. ಎದುರಿಗೆ ಪಶ್ಚಿಮದ ಕಿಟಕಿ. ಮೊದಮೊದಲು ಅಮ್ಮ ಮರಳಿಗೆ ನೀರು ಚಿಮುಕಿಸುತ್ತಿದ್ದಳು. ಎಷ್ಟು ದಿನ ಚಿಮುಕಿಸಿದಳೋ ನನಗೆ ನೆನಪಿಲ್ಲ. ಮರಳು ಒಣಗಿ ಬೆಳ್ಳಗಾಗಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಎರಡು ವಾರದಲ್ಲಿ ಕೊಳವೆ ಹಳದಿಗೆ ಬಂತು. ಆಮೇಲೆ ಇಟ್ಟಿಗೆ ಕೆಂಪು.

"ಏನು ತಿಂದೆ?" ಎಂದಳು ಅಮ್ಮ.

"ಏನೂ ಇಲ್ಲ."

"ಸುಮ್ಸುಮ್ನೆ ಇಟ್ಟಿಗೆ ಬಣ್ಣ ಬರುತ್ತೇನೇ?" ಎಂದಳು ಬಾಗಿಲಲ್ಲಿ ನಿಂತ ಅಜ್ಜಿ. "ಹಾಗಾದ್ರೆ ಇಟ್ಟಿಗೆ ತಿಂದಿರ್ಬೇಕು ಬಿಡು, ಹಿತ್ತಲಲ್ಲಿ ನಾಲ್ಕು ಬಿದ್ದಿತ್ತು."

ಮಾವಿನ ಕಾಲ. ನಡುಮನೆಯ ಮೂಲೆಯಲ್ಲಿ ಹುಲ್ಲು ಹಾಸಿ ಹಣ್ಣಿಗೆ ಹಾಕಿದ್ದ ರಸಪುರಿಯ ಘಮ ಮನೆಯನ್ನೆಲ್ಲ ತುಂಬಿತ್ತು. ಅಜ್ಜಿ ದಿನಾ ಹಣ್ಣು ಎಣಿಸತೊಡಗಿದಳು. ಬೆಲ್ಲದ ಡಬ್ಬಿಯಿದ್ದ ಕಪಾಟಿಗೆ ಬೀಗ ಬಿತ್ತು. ಮಧ್ಯಾಹ್ನ ಆಡಿ ಬಂದ ಕೂಡಲೇ "ಕೈ ತೋರ್ಸು" ಎಂದು ನನ್ನ ಬೆರಳುಗಳನ್ನು ಒಂದೊಂದಾಗಿ ಮೂಸುತ್ತಿದ್ದಳು. ಹಣ್ಣಿನ ಎಣಿಕೆ ಒಂದು ದಿನವೂ ತಪ್ಪಲಿಲ್ಲ. ಆಗ, ನಾನು ಬೇರೆಯವರ ಮನೆಯಲ್ಲಿ ತಿನ್ನುತ್ತಿದ್ದೇನೆ ಎಂದಾಯಿತು.

ಪಕ್ಕದ ಮನೆಯ ವೀಣಾ ನನ್ನ ಜೊತೆಗಾತಿ. ಅವರ ಗೇಟಿನ ಮುಂದೆ ಸೀಮೆಸುಣ್ಣದಲ್ಲಿ ಮನೆ ಬರೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ಒಂದು ದಿನ ಬಾಯಾರಿ ನೀರು ಕೇಳಿದರೆ ಅವಳು ಚೊಂಬನ್ನು ಗೇಟಿನ ಹೊರಗೇ ತಂದುಕೊಟ್ಟಳು.

"ಒಳಗೆ ಬರ್ಬೇಡ ಕಣೇ. ನಿಮ್ಮಮ್ಮ ಬಂದು ಹೇಳಿ ಹೋಗಿದಾರೆ. ಹಣ್ಣಿನ ಬುಟ್ಟಿ ನಡುಮನೇಲೇ ಇದೆ."

"ನಾನೇನು ಕಳ್ಳೀನಾ?"

"ನಂಗೇನು ಗೊತ್ತು. ನಿಮ್ಮಮ್ಮನೇ ಹಾಗಂದ್ರು."

ಆ ಚೊಂಬಿನ ನೀರನ್ನು ಅಲ್ಲೇ ನಿಂತು ಪೂರ್ತಿ ಕುಡಿದೆ. ಇನ್ನೊಂದು ಚೊಂಬು ಕೇಳಿ ಕುಡಿದೆ. ಆ ದಿನಗಳಲ್ಲಿ ಎಷ್ಟು ಕುಡಿದರೂ ನಾಲಿಗೆ ಒದ್ದೆಯಾಗುತ್ತಿರಲಿಲ್ಲ. ಫ್ರಾಕು ಸಡಿಲವಾಗಿತ್ತು. ಅಮ್ಮ ಅನ್ನ ಕಡಿಮೆ ಮಾಡಿದಳು. ಹಸಿವು, ಬಾಯಾರಿಕೆ, ಅದರ ಮೇಲೆ ದಿನಾ ಬೆಳಿಗ್ಗೆ ವಿಚಾರಣೆ.

ಒಂದು ಬೆಳಿಗ್ಗೆ ಅಮ್ಮ ಕೊಳವೆ ಕೆಳಗಿಟ್ಟು ನನ್ನನ್ನು ಪಕ್ಕ ಕೂರಿಸಿಕೊಂಡಳು. ಧ್ವನಿ ಮೆತ್ತಗಿತ್ತು.

"ಒಪ್ಕೊಂಡ್ಬಿಡು ಪುಟ್ಟೀ. ನಾನು ಬೈಯಲ್ಲ. ನಿಜ ಹೇಳಿದ್ರೆ ಇವತ್ತಿಂದ ಯಾರೂ ಏನೂ ಕೇಳಲ್ಲ."

ನಾನು ಹೇಳಿದೆ. ಒಂದು ಮಾವಿನಹಣ್ಣು ತಿಂದೆ ಎಂದೆ. ಎಲ್ಲಿ ಎಂದಳು. ಪಾರ್ಕಿನಲ್ಲಿ ಎಂದೆ. ಯಾರು ಕೊಟ್ಟರು ಎಂದಳು. ಗೊತ್ತಿಲ್ಲದವರು ಎಂದೆ. ಅಮ್ಮ ನನ್ನ ತಲೆ ಸವರಿದಳು. ಅಷ್ಟು ದಿನದಲ್ಲಿ ಸೂಜಿ ಚುಚ್ಚುವುದಕ್ಕಲ್ಲದೆ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಅದಕ್ಕಾಗಿ ಇನ್ನೂ ಎರಡು ಹಣ್ಣು ಬೇಕಾದರೂ ಒಪ್ಪಿಕೊಳ್ಳುತ್ತಿದ್ದೆ.

ಅದೇ ವಾರ ನಳಿನಿ ಮೇಡಂ ಬಂದರು. ಮನಶ್ಶಾಸ್ತ್ರ ಓದುತ್ತಿದ್ದ, ತೆಳ್ಳನೆಯ ಹುಡುಗಿ. ಸಕ್ಕರೆ ಕಾಯಿಲೆಯ ಮಕ್ಕಳೂ ಅವರ ಮನೆಯವರೂ ಚಿಕಿತ್ಸೆಯನ್ನು ಹೇಗೆ ನಿಭಾಯಿಸುತ್ತಾರೆ ಎಂಬುದು ಅವರ ಸಂಶೋಧನೆ. ನಮ್ಮ ಡಾಕ್ಟರೇ ವಿಳಾಸ ಕೊಟ್ಟಿದ್ದರಂತೆ. ಕೈಯಲ್ಲಿ ಪಿನ್ನು ಹೊಡೆದ ಪ್ರಶ್ನೆಗಳ ಹಾಳೆ.

"ಮಗು ಹತ್ರ ಬೇರೆಯಾಗಿ ಮಾತಾಡ್ಬೇಕಿತ್ತು ಆಂಟಿ," ಎಂದರು ಅಮ್ಮನಿಗೆ.

"ಇಲ್ಲೇ ಕೇಳಮ್ಮ," ಎಂದಳು ಅಜ್ಜಿ. "ನಮ್ಮನೇಲಿ ಗುಟ್ಟು ಅನ್ನೋದೇ ಇಲ್ಲ. ಕಾಫಿ ಕುಡೀತೀಯಲ್ಲ?"

ಮೇಡಂ ಕಾಫಿ ಕುಡಿದರು. ಬೇರೆಯಾಗಿ ಮಾತಾಡಲಿಲ್ಲ. ಪ್ರಶ್ನೆಗಳನ್ನು ಓದುತ್ತಾ ಹೋದರು. ಅಮ್ಮ ಉತ್ತರ ಕೊಡುತ್ತಾ ಹೋದಳು. ಇಂಜೆಕ್ಷನ್ ಯಾರು ಕೊಡುತ್ತೀರಿ? ನಾನು. ಮಗು ಹಟ ಮಾಡುತ್ತಾಳಾ? ಇಲ್ಲ.

"ಹೇಳದೆ ಕೇಳದೆ ಸಿಹಿ ತಿಂತಾಳಾ? ಯಾವಾಗ್ಲೂ, ಕೆಲವು ಸಲ, ಯಾವತ್ತೂ ಇಲ್ಲ, ಇದ್ರಲ್ಲಿ ಒಂದು ಹೇಳಿ."

"ಯಾವಾಗ್ಲೂ," ಎಂದಳು ಅಜ್ಜಿ.

ಮೇಡಂ ಅಮ್ಮನ ಮುಖ ನೋಡಿದರು. "ಹೌದು," ಎಂದಳು ಅಮ್ಮ. "ಅವಳೇ ಒಪ್ಕೊಂಡಿದಾಳೆ."

"ಹೌದಾ ಪುಟ್ಟಾ?"

ನಾನು ತಲೆ ತಗ್ಗಿಸಿದೆ. ಅವರು ಗುರುತು ಹಾಕಿದರು. ಕೊನೆಯ ಹಾಳೆಯಲ್ಲಿ ಇನ್ನೊಂದು ಪ್ರಶ್ನೆಯಿತ್ತು.

"ಇನ್ಸುಲಿನ್ ಎಲ್ಲಿಡ್ತೀರ?"

ಅಮ್ಮ ಒಂದು ಕ್ಷಣ ಬಚ್ಚಲುಮನೆಯ ಬಾಗಿಲ ಕಡೆ ನೋಡಿದಳು. ಆಮೇಲೆ ಹೇಳಿದಳು: "ಫ್ರಿಜ್ಜಲ್ಲಿ."

ಈ ನೋಟವನ್ನು ನಾನು ವರ್ಷಗಟ್ಟಲೆ ಪರೀಕ್ಷಿಸಿದ್ದೇನೆ. ನನ್ನ ಸಿಟ್ಟು ಅದನ್ನು ಆಮೇಲೆ ಹುಟ್ಟಿಸಿರಬಹುದೇ ಎಂದು ಕೇಳಿಕೊಂಡಿದ್ದೇನೆ. ಇಲ್ಲ. ಅಮ್ಮ ಆ ಕಡೆ ನೋಡಿದಳು. ಎಲ್ಲಿಟ್ಟರೂ ಒಂದೇ ಎಂದು ಅವಳು ನಂಬಿದ್ದರೆ ಸುಳ್ಳು ಹೇಳುವ ಅಗತ್ಯವಿರಲಿಲ್ಲ.

ಮುಂದಿನ ವಾರ ಒಂದು ಬೆಳಿಗ್ಗೆ ಏಳುತ್ತಲೇ ವಾಂತಿಯಾಯಿತು. ಹೊಟ್ಟೆ ಹಿಂಡುತ್ತಿತ್ತು. ಉಸಿರು ಓಡಿಬಂದವರ ಹಾಗೆ ಏದುತ್ತಿತ್ತು. ಅಜ್ಜಿ ಹತ್ತಿರ ಬಂದು ಬಗ್ಗಿ ನನ್ನ ಬಾಯಿ ಮೂಸಿದಳು.

"ನೋಡೇ ಇಲ್ಲಿ, ಹಣ್ಣಿನ ವಾಸನೆ! ಇಷ್ಟಾದ್ರೂ ಬುದ್ಧಿ ಬಂದಿಲ್ಲ. ಗಡದ್ದಾಗಿ ತಿಂದಿದಾಳೆ, ಕಕ್ಕಲಿ ಬಿಡು, ಸರಿಹೋಗುತ್ತೆ."

ಅಮ್ಮನೂ ಮೂಸಿದಳು. ಕೊಳೆತ ಹಣ್ಣಿನ ವಾಸನೆ ನನ್ನ ಮೂಗಿಗೂ ಬರುತ್ತಿತ್ತು. ತಿನ್ನದ ಹಣ್ಣು ನನ್ನ ಬಾಯಲ್ಲಿ ಹೇಗೆ ನಾರುತ್ತಿದೆಯೆಂದು ನನಗೇ ತಿಳಿಯಲಿಲ್ಲ. ನಿಜವಾಗಿಯೂ ತಿಂದು ಮರೆತಿದ್ದೇನೆಯೇ ಎಂದು ಯೋಚಿಸಿದೆ. ಹತ್ತು ವರ್ಷದ ಮಗುವಿನ ಕೈಲಿ ಆ ಯೋಚನೆ ಮಾಡಿಸಿದ್ದನ್ನು ನಾನು ಇವತ್ತಿನವರೆಗೂ ಕ್ಷಮಿಸಿಲ್ಲ. ಇನ್ಸುಲಿನ್ ಇಲ್ಲದೆ ಮೈ ತನ್ನ ಕೊಬ್ಬನ್ನೇ ಸುಡತೊಡಗಿದಾಗ ಉಸಿರಿಗೆ ಆ ವಾಸನೆ ಬರುತ್ತದೆ. ಅದು ಸಾವು ಹತ್ತಿರ ಬರುತ್ತಿರುವುದರ ಗುರುತು. ನಮ್ಮ ಮನೆಯಲ್ಲಿ ಅದು ಕಳ್ಳತನದ ಸಾಕ್ಷಿಯಾಯಿತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನನ್ನನ್ನು ಚಾಪೆಯ ಮೇಲೆ ಬಿಟ್ಟು ಬೈದರು. ಕರೆದರೆ ನಾನು ಓಗೊಡದೇ ಹೋದಾಗ ಅಪ್ಪನಿಗೆ ಆಫೀಸಿಗೆ ಫೋನು ಹೋಯಿತು. ಆಟೋದಲ್ಲಿ ಆಸ್ಪತ್ರೆಗೆ ಒಯ್ದರಂತೆ. ಅದು ನನಗೆ ನೆನಪಿಲ್ಲ.

ನೆನಪಿರುವುದು ಎರಡು ದಿನದ ನಂತರದ್ದು. ಕೈಗೆ ಡ್ರಿಪ್ ಹಾಕಿದ್ದರು. ಡಾಕ್ಟರು ನಮ್ಮ ಬಾಟಲಿಯನ್ನು ಮನೆಯಿಂದ ತರಿಸಿ ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಒಡೆದ ಹಾಲಿನ ಹಾಗೆ ಬಿಳಿ ಕಾಳುಗಳು ಗಾಜಿಗೆ ಅಂಟಿದ್ದವು.

"ಎಲ್ಲಿಟ್ಟಿದ್ರಿ ಇದನ್ನ?"

"ಫ್ರಿಜ್ಜಲ್ಲಿ," ಎಂದಳು ಅಮ್ಮ.

"ಇದು ಬೆಂದುಹೋಗಿದೆ ತಾಯಿ. ತಿಂಗಳಿಂದ ಈ ಮಗೂಗೆ ನೀವು ಚುಚ್ಚಿರೋದು ಬರೀ ನೀರು. ಸರಿಯಾಗಿ ಹೇಳಿ."

ಕೊನೆಗೆ ಅಪ್ಪ, ಗೋಡೆ ನೋಡುತ್ತಾ, "ಬಚ್ಚಲುಮನೇಲಿ ಸಾರ್," ಎಂದರು.

ಮನೆಗೆ ಬಂದಾಗ ಹೊಸ ಬಾಟಲಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿತ್ತು. ದೇವರ ಹಾಲು ಅಡುಗೆಮನೆಗೆ ಹೋಗಿತ್ತು. ಇಷ್ಟು ಸುಲಭವಿತ್ತು. "ದೇವರು ದೊಡ್ಡೋನು, ಕಾಪಾಡಿದ," ಎಂದಳು ಅಜ್ಜಿ. ನೀನು ತಿಂದಿರಲಿಲ್ಲ ಎಂದು ಮಾತ್ರ ಯಾರೂ ಅನ್ನಲಿಲ್ಲ. ವೀಣಾಳ ಮನೆಗೆ ಹೋಗಿ ಹೇಳಿಬರಲು ಅಮ್ಮನನ್ನು ಕೇಳಿದೆ. "ಮನೆ ವಿಷ್ಯ ಬೀದಿಗೆ ಯಾಕೆ?" ಎಂದಳು.

ಸ್ಕೂಲು ಶುರುವಾದ ಮೇಲೆ ನಳಿನಿ ಮೇಡಂ ಎರಡನೆಯ ಸುತ್ತಿಗೆ ಬಂದರು. ಅವರು ಹಾಳೆ ತೆಗೆಯುವ ಮೊದಲೇ, ಅಜ್ಜಿಯ ಎದುರೇ ಹೇಳಿದೆ: "ನಾನು ಕದ್ದು ತಿಂದಿರ್ಲಿಲ್ಲ ಮೇಡಂ. ಔಷಧಿ ಕೆಟ್ಟಿತ್ತು. ಅದನ್ನ ತಿದ್ದಿ."

ಅವರ ಮುಖ ಬಿಳಿಚಿತು. "ಅದು ಕಾಲೇಜಿಗೆ ಕೊಟ್ಟಾಗಿದೆ ಪುಟ್ಟಾ. ಈ ಸಲದ್ರಲ್ಲಿ ಬರ್ಕೋತೀನಿ."

"ಹಳೇದ್ರಲ್ಲಿ?"

ಅವರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದರು.

ಆ ಮನೆ ಈಗಿಲ್ಲ. ಅಲ್ಲಿ ನಾಲ್ಕು ಮಹಡಿ ಎದ್ದಿದೆ. ಅದರ ಬಗ್ಗೆ ನನಗೆ ದುಃಖವಿಲ್ಲ. ಅಜ್ಜಿಯೂ ಅಪ್ಪನೂ ತೀರಿಕೊಂಡರು, ವೀಣಾ ಎಲ್ಲಿದ್ದಾಳೋ. ಕಳೆದುಕೊಂಡದ್ದನ್ನು ಅಳೆಯುವುದಾದರೆ ಇಷ್ಟು: ಆ ಬೇಸಿಗೆಗೆ ಮುಂಚೆ, ನೋವು ಎಂದರೆ ನೋವು ಎಂದು ನಂಬುವ ಅಮ್ಮ ನನಗಿದ್ದಳು. ಹೋದ ವರ್ಷ ಒಂದು ಸಲ ಆ ವಿಷಯ ತೆಗೆದೆ. "ಇನ್ನೂ ಅದನ್ನೇ ಹಿಡ್ಕೊಂಡಿದೀಯಾ? ನೀನೇ ಒಪ್ಕೊಂಡಿದ್ಯಲ್ಲೇ," ಎಂದಳು. ಕುಮಾರಸ್ವಾಮಿ ಲೇಔಟಿನಲ್ಲಿ ಈಗ ನಾವಿಬ್ಬರೇ ಇದ್ದೇವೆ. ಒಟ್ಟಿಗೆ ಉಣ್ಣುತ್ತೇವೆ. ಸಕ್ಕರೆ ಕಾಯಿಲೆಗೆ ನನ್ನ ಕಾಲಿನ ಬೆರಳುಗಳು ಮರಗಟ್ಟತೊಡಗಿ ಆರು ತಿಂಗಳಾಯಿತು. ಅಮ್ಮನಿಗೆ ಹೇಳಿಲ್ಲ. ಹೇಳಿದರೆ ಅವಳ ಮೊದಲ ಪ್ರಶ್ನೆ ಏನೆಂದು ನನಗೆ ಗೊತ್ತು.